ಊರು ಕಾಯುವವನಿಗೆ ಹೆಸರಿಲ್ಲ, ಹೆಸರಿದ್ದರೂ ಕಾಗದವಿಲ್ಲ!

ಜಿಲ್ಲೆಯ ಯಾವ ಊರಿಗೆ ಬೇಕಾದರೂ ಹೋಗಿ. ರಾತ್ರಿ ಹನ್ನೊಂದು ದಾಟಿ ಅಂಗಡಿ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ಒಂದು ಸೀಟಿ ಕೇಳುತ್ತದೆ. ಹಿಂದೆಯೇ ದೊಣ್ಣೆ ನೆಲಕ್ಕೆ ಬಡಿಯುವ ಸದ್ದು. ಮಲಗಿದವರು ಮಗ್ಗುಲು ಬದಲಿಸಿ 'ಗೂರ್ಖಾ ಬಂದ' ಅಂದುಕೊಂಡು ನಿಶ್ಚಿಂತೆಯಾಗಿ ನಿದ್ದೆ ಹೋಗುತ್ತಾರೆ. ತಿಂಗಳ ಮೊದಲ ವಾರ ಅದೇ ಮನುಷ್ಯ ಹಗಲು ಹೊತ್ತು ಬಂದು 'ನಮಸ್ತೇ ಶಾಬ್' ಅಂತ ಬಾಗಿಲಲ್ಲಿ ನಿಂತರೆ ಒಳಗಿನಿಂದ ಕೂಗು: 'ರೀ, ಗೂರ್ಖಾ ಬಂದಿದ್ದಾನೆ, ಚಿಲ್ಲರೆ ಇದೆಯಾ ನೋಡಿ.'

ಹತ್ತು ವರ್ಷ ಒಂದೇ ಬೀದಿ ಕಾದವನಿರಬಹುದು. ಅವನ ಹೆಸರೇನು ಅಂತ ಬೀದಿಯವರನ್ನು ಕೇಳಿ ನೋಡಿ. 'ಬಹದ್ದೂರ್ ಅಲ್ವಾ?' ಅಂತಾರೆ. ಹೋಟೆಲಿನ ಹಿಂದೆ ಪಾತ್ರೆ ತೊಳೆಯುವ ಹುಡುಗನೂ ಬಹದ್ದೂರ್. ಬಸ್ ಸ್ಟ್ಯಾಂಡಿನ ಪಕ್ಕ ಗೋಬಿ ಮಂಚೂರಿ ಗಾಡಿಯಲ್ಲಿ ಬಾಣಲೆ ಆಡಿಸುವವನೂ ಬಹದ್ದೂರ್. ಹೊಸ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತವನೂ ಬಹದ್ದೂರ್. ಮುಖ ನೋಡಿ ಹೆಸರಿಡುವ ಈ ವಿದ್ಯೆಯನ್ನು ನಮ್ಮವರಿಗೆ ಯಾರು ಕಲಿಸಿದರೋ!

ಆ ಮೂವರಲ್ಲಿ ಒಬ್ಬ ನೇಪಾಳದವನಿರಬಹುದು. ಇನ್ನೊಬ್ಬ ಡಾರ್ಜಿಲಿಂಗಿನವನು, ಅಂದರೆ ನಿಮ್ಮ ಹಾಗೇ ಭಾರತದ ಪ್ರಜೆ. ಮತ್ತೊಬ್ಬ ಅಸ್ಸಾಮಿನವನು. ಊರಿಗೆ ಮಾತ್ರ ಎಲ್ಲರೂ ಒಂದೇ. ಇದು ಬರೀ ಹೆಸರಿನ ತಕರಾರಾಗಿದ್ದರೆ ಇಷ್ಟು ಅಕ್ಷರ ಖರ್ಚು ಮಾಡುವ ಅಗತ್ಯವಿರಲಿಲ್ಲ. ಬೀದಿಯಲ್ಲಿ ಕಳ್ಳತನವಾದರೆ ಮೊದಲು ಯಾರನ್ನು ಠಾಣೆಗೆ ಕರೆಯುವುದು, ಕೆಲಸದ ಮೇಲಿದ್ದಾಗ ಲಾರಿ ಗುದ್ದಿದರೆ ಪರಿಹಾರ ಯಾರು ಕೊಡುವುದು, ಸತ್ತರೆ ಸುದ್ದಿ ಯಾವ ಊರಿಗೆ ಮುಟ್ಟಿಸುವುದು? ಈ ಪ್ರಶ್ನೆಗಳು ಬಂದಾಗ 'ಗೂರ್ಖಾ, ನೇಪಾಳ' ಎಂಬ ಎರಡು ಪದ ಸಾಲುವುದಿಲ್ಲ.

ಗೂರ್ಖಾ ಅಂದರೆ ಒಂದು ಊರು!

ಮೊದಲು ಈ ಪದದ ಜಾತಕ ನೋಡೋಣ. ಗೂರ್ಖಾ ಎಂಬುದು ಜಾತಿಯಲ್ಲ, ಕಸುಬಂತೂ ಅಲ್ಲವೇ ಅಲ್ಲ. ಕಾಠ್ಮಂಡುವಿಗೆ ಪಶ್ಚಿಮದಲ್ಲಿ ಗೋರ್ಖಾ ಅಂತ ಒಂದು ಬೆಟ್ಟದೂರಿದೆ. ಈಗ ಅದೇ ಹೆಸರಿನ ಜಿಲ್ಲೆಯೂ ಹೌದು. ಹಿಂದೆ ಅದೊಂದು ಪುಟ್ಟ ಸಂಸ್ಥಾನ. ನಮ್ಮ ಪಾಳೆಯಗಾರರ ಸೀಮೆಯಷ್ಟೇ ಅಂದುಕೊಳ್ಳಿ. 1743ರಲ್ಲಿ ಅಲ್ಲಿ ಪಟ್ಟಕ್ಕೆ ಬಂದ ಪೃಥ್ವಿ ನಾರಾಯಣ ಶಾ ಒಂದೊಂದೇ ಗುಡ್ಡ ಗೆಲ್ಲುತ್ತಾ ಹೋಗಿ 1768-69ರಲ್ಲಿ ಕಾಠ್ಮಂಡು ಕಣಿವೆಯನ್ನೇ ಹಿಡಿದ. ಇತ್ತ ಮೈಸೂರಿನಲ್ಲಿ ಹೈದರಾಲಿ ಆಳುತ್ತಿದ್ದ ಕಾಲ ಅದು. ಗೋರ್ಖಾದಿಂದ ಬಂದ ಸೈನ್ಯದವರು ಗೋರ್ಖಾಲಿಗಳಾದರು. ಅದು ಇಂಗ್ಲಿಷರ ಬಾಯಲ್ಲಿ ಗೂರ್ಖಾ ಆಯಿತು.

1814ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ನೇಪಾಳಕ್ಕೂ ಯುದ್ಧ ಹತ್ತಿತು. 1816ರಲ್ಲಿ ಜಾರಿಗೆ ಬಂದ ಸುಗೌಲಿ ಒಪ್ಪಂದದಲ್ಲಿ ನೇಪಾಳ ಕುಮಾವೂನ್, ಗಢವಾಲ್ ಎರಡನ್ನೂ ಕಳೆದುಕೊಂಡಿತು. ಪೂರ್ವಕ್ಕೆ ಮೇಚಿ ನದಿ, ಪಶ್ಚಿಮಕ್ಕೆ ಮಹಾಕಾಳಿ ನದಿ, ಅವುಗಳ ನಡುವಿನದು ನೇಪಾಳ ಅಂತ ಗೆರೆ ಬಿತ್ತು. ಸೋತ ಸೈನಿಕರ ಎದೆಗಾರಿಕೆ ಕಂಡ ಕಂಪನಿ ಸುಮ್ಮನಿರಲಿಲ್ಲ. ಯುದ್ಧ ಮುಗಿಯುವ ಮೊದಲೇ, 1815ರಲ್ಲೇ, ಅವರನ್ನು ತನ್ನ ಪಲ್ಟಣಕ್ಕೆ ಸೇರಿಸಿಕೊಳ್ಳಲು ಶುರು ಮಾಡಿತು. ಮುಂದೆ ಬೆಟ್ಟದ ಮಗರ್, ಗುರುಂಗ್, ರಾಯಿ, ಲಿಂಬು ಜನಾಂಗದ ಹುಡುಗರನ್ನೇ ಆರಿಸಿ ಭರ್ತಿ ಮಾಡಿಕೊಂಡರು. ಮೊದಲ ಮಹಾಯುದ್ಧಕ್ಕೆ ಹೋದವರೇ ಎರಡು ಲಕ್ಷದಷ್ಟು.

ಬಂದೂಕು ಹಿಡಿದವನು ಯಾರದೋ ಅಪ್ಪಣೆಗೆ ಕಾಯಬೇಕಲ್ಲ? 1919ರಲ್ಲಿ ಜಲಿಯನ್‌ವಾಲಾ ಬಾಗಿನಲ್ಲಿ ಡಯರನ ಮಾತು ಕೇಳಿ ಗುಂಡು ಹಾರಿಸಿದವರಲ್ಲಿ ಗೂರ್ಖಾ ಸಿಪಾಯಿಗಳೂ ಇದ್ದರು. ಹಾಗೆಯೇ ಸುಭಾಷರ ಆಜಾದ್ ಹಿಂದ್ ಫೌಜಿಗೆ ಸೇರಿ 1944ರಲ್ಲಿ ಗಲ್ಲಿಗೇರಿದ ಮೇಜರ್ ದುರ್ಗಾ ಮಲ್ಲ ಕೂಡಾ ಗೂರ್ಖಾನೇ. ಆ ಫೌಜಿನ ಹಾಡುಗಳಿಗೆ ರಾಗ ಹಾಕಿದ ಕ್ಯಾಪ್ಟನ್ ರಾಮ್ ಸಿಂಗ್ ಠಾಕೂರಿಯೂ ಗೂರ್ಖಾ. ಮೊದಲನೆಯದು ನೆನಪಿಟ್ಟವರು ಎರಡನೆಯದನ್ನೂ ನೆನಪಿಡಬೇಕು.

1947ರಲ್ಲಿ ಭಾರತ, ಬ್ರಿಟನ್, ನೇಪಾಳ ಮೂವರೂ ಕೂತು ಹತ್ತು ಗೂರ್ಖಾ ರೆಜಿಮೆಂಟುಗಳನ್ನು ಅಣ್ಣತಮ್ಮಂದಿರ ಆಸ್ತಿಯಂತೆ ಪಾಲು ಮಾಡಿದರು. ಆರು ಭಾರತಕ್ಕೆ, ನಾಲ್ಕು ಬ್ರಿಟನ್ನಿಗೆ. ಭಾರತ ಆಮೇಲೆ ಇನ್ನೊಂದನ್ನು ಕಟ್ಟಿಕೊಂಡಿತು. 2022ರಲ್ಲಿ ಅಗ್ನಿಪಥ ಯೋಜನೆ ಬಂದಾಗ ನೇಪಾಳ ಸರ್ಕಾರ ತಗಾದೆ ತೆಗೆಯಿತು. ನಾಲ್ಕು ವರ್ಷ ದುಡಿಸಿಕೊಂಡು ಬಹುಪಾಲು ಹುಡುಗರನ್ನು ಮನೆಗೆ ಕಳಿಸುವುದು ಹಳೆಯ ಒಪ್ಪಂದಕ್ಕೆ ಹೊಂದುವುದಿಲ್ಲ ಎಂಬುದು ಅದರ ವಾದ. ಅಲ್ಲಿಂದ ಬರುತ್ತಿದ್ದ ಹೊಸ ಭರ್ತಿ ನಿಂತಿತು. ಇನ್ನೂರು ವರ್ಷ ನಡೆದ ಪದ್ಧತಿಗೆ ಹೀಗೆ ತಡೆ ಬಿತ್ತು.

ಈಗ ನಮ್ಮ ಬೀದಿಯ ಗೂರ್ಖಾನ ವಿಷಯಕ್ಕೆ ಬನ್ನಿ. ತಮಾಷೆ ಏನು ಗೊತ್ತೇ? ನಮ್ಮ ಕಡೆ ಕಾವಲಿಗೆ ಬರುವ ಬಹಳಷ್ಟು ಜನ ಆ ಸೈನ್ಯದ ಸೀಮೆಯವರೇ ಅಲ್ಲ. ನೇಪಾಳದ ದೂರ ಪಶ್ಚಿಮದ ಅಛಾಮ್, ಬಝಾಂಗ್, ಬಾಜುರಾ, ಡೋಟಿ ಜಿಲ್ಲೆಗಳವರು ಅವರು. ಬಝಾಂಗಿನ ಜನ ಬೆಂಗಳೂರಿಗೆ ದುಡಿಯಲು ಬರುವುದು ಹಳೆಯ ರೂಢಿ. ಅವರಲ್ಲಿ ಛೇತ್ರಿಗಳಿದ್ದಾರೆ, ಠಾಕೂರಿಗಳಿದ್ದಾರೆ, ಬ್ರಾಹ್ಮಣರಿದ್ದಾರೆ, ದಲಿತರಿದ್ದಾರೆ. ಅಜ್ಜ ಮುತ್ತಜ್ಜ ಯಾರೂ ಫೌಜಿನ ಮುಖ ನೋಡದಿರಬಹುದು. ಊರಲ್ಲಿ ಹೊಲ ಉಳುತ್ತಿದ್ದವನು ಇಲ್ಲಿ ಬಂದು ಖಾಕಿ ಹಾಕಿ ಗೂರ್ಖಾ ಆಗುತ್ತಾನೆ. ಏಕೆಂದರೆ ಗೂರ್ಖಾ ಅಂದರೆ ಕಳ್ಳ ಹೆದರುತ್ತಾನೆ ಅಂತ ನಮ್ಮ ಸೇಟುಗಳ ನಂಬಿಕೆ. ಸಂಬಳ ಸಿಗುವುದು ಆ ನಂಬಿಕೆಗೆ. ಹೊಟ್ಟೆಪಾಡು, ಅವನೂ ಸುಮ್ಮನಿರುತ್ತಾನೆ.

ಒಬ್ಬ ರಾಜ, ಒಂದು ಭಾಷೆ, ಒಂದು ಟೋಪಿ

ಹಾಗಾದರೆ ನೇಪಾಳಿ ಅಂದರೆ ಯಾರು? ಈ ಪ್ರಶ್ನೆಗೆ ನೇಪಾಳದಲ್ಲೇ ಸುಲಭದ ಉತ್ತರವಿಲ್ಲ.

2021ರ ಜನಗಣತಿಯಲ್ಲಿ ನೇಪಾಳದ ಜನಸಂಖ್ಯೆ 2 ಕೋಟಿ 91 ಲಕ್ಷ ದಾಟಿತ್ತು. ಅಷ್ಟು ಜನರಲ್ಲಿ ಲೆಕ್ಕಕ್ಕೆ ಸಿಕ್ಕ ಜಾತಿ ಜನಾಂಗಗಳು 142, ಭಾಷೆಗಳು 124. ನೇಪಾಳಿ ಮಾತೃಭಾಷೆಯವರು ನೂರಕ್ಕೆ 45 ಮಂದಿ ಮಾತ್ರ. ಉಳಿದವರ ಮನೆಮಾತು ಮೈಥಿಲಿ, ಭೋಜಪುರಿ, ಥಾರು, ತಾಮಾಂಗ್, ನೇವಾರಿ, ಮಗರ್, ಹೀಗೆ ಬೇರೆ ಬೇರೆ. 1854ರಲ್ಲಿ ಜಂಗ್ ಬಹದ್ದೂರ್ ರಾಣಾ ತಂದ 'ಮುಲುಕಿ ಐನ್' ಎಂಬ ಕಾನೂನು ಇವರನ್ನೆಲ್ಲ ಮೇಲು ಕೀಳು ಅಂತ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿತ್ತು. 1960ರಲ್ಲಿ ರಾಜ ಮಹೇಂದ್ರ ಪಾರ್ಲಿಮೆಂಟು ಮುಚ್ಚಿ ಪಂಚಾಯತ್ ಪದ್ಧತಿ ತಂದ. ಅಲ್ಲಿಂದ ಮೂವತ್ತು ವರ್ಷ ಒಬ್ಬ ರಾಜ, ಒಂದು ಭಾಷೆ, ಒಂದು ಉಡುಪು ಎಂಬುದೇ ಮಂತ್ರ. ಸರ್ಕಾರಿ ಕಾಗದದ ಫೋಟೋಗೆ ತಲೆಯ ಮೇಲೆ ಢಾಕಾ ಟೋಪಿ ಇದ್ದರೇನೇ ನೇಪಾಳಿ ಅನ್ನುವಂಥ ಕಾಲ ಅದು.

ಟೋಪಿ ಹಾಕಿದ ಮಾತ್ರಕ್ಕೆ ದೇಶ ಒಂದಾಗುತ್ತದೆಯೇ? 1990ರಲ್ಲಿ ಜನ ಬೀದಿಗಿಳಿದು ಪಂಚಾಯತ್ ಪದ್ಧತಿ ಕಿತ್ತು ಹಾಕಿದರು. 1996ರಿಂದ 2006ರವರೆಗೆ ಮಾವೋವಾದಿಗಳ ಯುದ್ಧ ನಡೆಯಿತು. 2008ರಲ್ಲಿ ರಾಜನನ್ನೇ ಇಳಿಸಿದರು. 2015ರ ಸೆಪ್ಟೆಂಬರ್ 20ರಂದು ಹೊಸ ಸಂವಿಧಾನ ಬಂತು. ಅಲ್ಲಿನ ತರಾಯಿ ಬಯಲಿನ ಮಾಧೇಸಿಗಳು, ಅಂದರೆ ಬಿಹಾರದ ಗಡಿಗೆ ಅಂಟಿಕೊಂಡವರು, ತಮಗೆ ಅನ್ಯಾಯವಾಯಿತು ಅಂತ ಗಡಿಯಲ್ಲೇ ಕೂತರು. ತಿಂಗಳುಗಟ್ಟಲೆ ಪೆಟ್ರೋಲು, ಗ್ಯಾಸು, ಔಷಧಿಗೆ ಹಾಹಾಕಾರ. ಇದರ ಹಿಂದೆ ದಿಲ್ಲಿಯ ಕೈ ಇದೆ ಅಂತ ಕಾಠ್ಮಂಡು, ಇಲ್ಲ ಅಂತ ದಿಲ್ಲಿ.

ಮಾಧೇಸಿಗಳ ಕಥೆ ನಮ್ಮವರು ಕೇಳಬೇಕಾದ್ದು. ಕಪ್ಪು ಬಣ್ಣ, ಬಿಹಾರಿಯಂಥ ಮಾತು. ಕಾಠ್ಮಂಡುವಿನಲ್ಲಿ ತಲೆಮಾರುಗಳಿಂದ ನೇಪಾಳದ ಪ್ರಜೆಯಾದವನನ್ನೂ 'ನೀನು ಇಂಡಿಯಾದವನಾ?' ಅಂತ ಕೇಳುತ್ತಾರೆ. ಇಲ್ಲಿ ನಮ್ಮ ಊರಲ್ಲಿ ಭಾರತದ ಪ್ರಜೆಯಾದ ಡಾರ್ಜಿಲಿಂಗಿನವನನ್ನು 'ನೀನು ನೇಪಾಳದವನಾ?' ಅಂತ ಕೇಳುತ್ತಾರೆ. ಮುಖ ನೋಡಿ ದೇಶ ಅಳೆಯುವ ರೋಗಕ್ಕೆ ಗಡಿ ಇಲ್ಲ ನೋಡಿ.

ಹಾಗಂತ ನೇಪಾಳಿಯಾದವನಿಗೆ ದೇಶಾಭಿಮಾನ ಕಡಿಮೆಯೇನಲ್ಲ. ಯಾರ ವಸಾಹತೂ ಆಗಿರದ ದೇಶ ಎಂಬುದು ಅವರ ದೊಡ್ಡ ಹೆಮ್ಮೆ. ಬಾವುಟ ಚೌಕವಲ್ಲ, ಎರಡು ತ್ರಿಕೋನ. ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಕ್ಯಾಲೆಂಡರು ವಿಕ್ರಮ ಸಂವತ್ಸರದ್ದು, ನಮ್ಮ ಇಸವಿಗಿಂತ 57 ವರ್ಷದಷ್ಟು ಮುಂದೆ. ಅವರ ಪೌರತ್ವದ ಕಾಗದ 'ನಾಗರಿಕತಾ' ನೋಡಿ ನಮ್ಮ ಗುಮಾಸ್ತ ಗಾಬರಿಯಾದರೆ ತಪ್ಪಿಲ್ಲ. ಹುಟ್ಟಿದ ವರ್ಷ 2045 ಅಂತ ಇರುತ್ತದೆ! ಅದು ಖೋಟಾ ಅಲ್ಲ ಸ್ವಾಮಿ, 57 ಕಳೆಯಿರಿ, 1988 ಸಿಗುತ್ತದೆ.

ತಮಿಳು ಮಾತಾಡಿದವನೆಲ್ಲ ಸಿಲೋನಿನವನೇ?

ಇನ್ನು ಡಾರ್ಜಿಲಿಂಗಿನವರ ಪಾಡು. 1835ರಲ್ಲಿ ಇಂಗ್ಲಿಷರು ಆ ಬೆಟ್ಟವನ್ನು ಸಿಕ್ಕಿಮ್ ರಾಜನಿಂದ ಪಡೆದರು. ಆಮೇಲೆ ಚಹಾ ತೋಟ ಹಾಕಿದರು. ತೋಟಕ್ಕೆ ಆಳು ಬೇಕು, ಪೂರ್ವ ನೇಪಾಳದಿಂದ ಬೆಟ್ಟ ಇಳಿದು ಜನ ಬಂದರು. ಅಸ್ಸಾಮಿಗೂ ಹೋದರು, ಅಲ್ಲಿ ದನ ಸಾಕಿದರು, ಕಾಡು ಕಡಿದು ಗದ್ದೆ ಮಾಡಿದರು. ಐದಾರು ತಲೆಮಾರು ಕಳೆದವು. 2011ರ ಭಾರತದ ಜನಗಣತಿಯಲ್ಲಿ ನೇಪಾಳಿ ಮಾತೃಭಾಷೆ ಅಂತ ಬರೆಸಿದವರು ಸುಮಾರು 29 ಲಕ್ಷ. ಸಿಕ್ಕಿಮ್‌ನಲ್ಲಿ ಹೆಚ್ಚು ಜನರ ಮಾತು ಅದೇ.

ಕಾಸರಗೋಡಿನಲ್ಲಿ, ಸೊಲ್ಲಾಪುರದಲ್ಲಿ ಕನ್ನಡಿಗರಿದ್ದಾರೆ. ತಮಿಳು ಮಾತಾಡುವವರೆಲ್ಲ ಸಿಲೋನಿನವರು ಅಂತ ಯಾರಾದರೂ ಅಂದರೆ ನಗುವುದಿಲ್ಲವೇ? ಆದರೆ ನೇಪಾಳಿ ಮಾತಾಡುವವರೆಲ್ಲ ನೇಪಾಳದವರು ಅಂತ ಓದಿದವರೂ ಹೇಳುತ್ತಾರೆ, ಯಾರೂ ನಗುವುದಿಲ್ಲ. 1986-87ರಲ್ಲಿ ಮೇಘಾಲಯದಿಂದ ಸಾವಿರಾರು ನೇಪಾಳಿ ಮಾತಿನವರನ್ನು ಪರದೇಶಿಗಳು ಅಂತ ಓಡಿಸಿದರು. ಅದೇ 1986ರಲ್ಲಿ ಡಾರ್ಜಿಲಿಂಗಿನಲ್ಲಿ ಸುಭಾಷ್ ಘೀಸಿಂಗ್ ಗೂರ್ಖಾಲ್ಯಾಂಡ್ ಬೇಕೆಂದು ಚಳವಳಿ ಹೂಡಿದರು. 'ನಮ್ಮನ್ನು ನೇಪಾಳಿ ಅನ್ನಬೇಡಿ, ಗೋರ್ಖಾ ಅನ್ನಿ, ನಾವು ಭಾರತದವರು' ಎಂಬುದು ಅವರ ವಾದದ ತಿರುಳು. ರಕ್ತ ಹರಿಯಿತು. 1988ರಲ್ಲಿ ಗುಡ್ಡಗಾಡು ಮಂಡಳಿ ಕೊಟ್ಟು ಸಮಾಧಾನ ಮಾಡಿದರು. ಸಂವಿಧಾನ ಜಾರಿಯಾದಾಗ ಇಲ್ಲಿ ನೆಲೆಸಿದ್ದ ಗೋರ್ಖಾಗಳು ಭಾರತದ ಪ್ರಜೆಗಳೇ ಅಂತ ಕೇಂದ್ರ ಸರ್ಕಾರ ಅದೇ ವರ್ಷ ಗೆಜೆಟ್ಟಿನಲ್ಲಿ ಪ್ರಕಟಿಸಬೇಕಾಯಿತು. ಪ್ರಜೆಗಳನ್ನು ಪ್ರಜೆಗಳು ಅನ್ನಲು ಗೆಜೆಟ್ಟು!

ಇಲ್ಲಿ ಕರಾವಳಿಯವರು ಗಮನಿಸಬೇಕಾದ ಒಂದು ಸಂಗತಿ ಇದೆ. 1992ರಲ್ಲಿ ಸಂವಿಧಾನದ 71ನೇ ತಿದ್ದುಪಡಿಯಾಗಿ ಎಂಟನೇ ಷೆಡ್ಯೂಲಿಗೆ ಮೂರು ಭಾಷೆ ಸೇರಿದವು. ಒಂದು ಮಣಿಪುರಿ, ಒಂದು ನೇಪಾಳಿ, ಇನ್ನೊಂದು ನಮ್ಮ ಮಂಗಳೂರು ಕಾರವಾರದವರ ಕೊಂಕಣಿ. ಒಂದೇ ದಿನ ಒಂದೇ ಬಾಗಿಲಿಂದ ಒಳಗೆ ಬಂದ ಭಾಷೆಗಳು ಇವು. ಕೊಂಕಣಿಯವರನ್ನು ಯಾರೂ 'ಯಾವ ದೇಶ?' ಅಂತ ಕೇಳುವುದಿಲ್ಲ.

ನೇಪಾಳಿ ಸಾಹಿತ್ಯವೂ ಗಡಿಯ ಎರಡೂ ಕಡೆ ಬೆಳೆದದ್ದು. 1930ರ ದಶಕದಲ್ಲಿ ಕಾಠ್ಮಂಡುವಿನ ಲಕ್ಷ್ಮೀಪ್ರಸಾದ್ ದೇವಕೋಟಾ ಬರೆದ 'ಮುನಾ ಮದನ್' ಕಾವ್ಯ ಅಲ್ಲಿ ಮನೆಮನೆಗೆ ಗೊತ್ತು. ಹೆಂಡತಿಯನ್ನು ಬಿಟ್ಟು ದುಡಿಯಲು ಲಾಸಾಕ್ಕೆ ಹೋದವನ ಕಥೆ ಅದು. ಸಾಲಕ್ಕೆ ಸಿಕ್ಕಿ ಊರು ಬಿಡುವ ಬಡ ರೈತನ ಕಥೆ ಹೇಳುವ 'ಬಸಾಇ' ಕಾದಂಬರಿ ಬರೆದ ಲೀಲ್ ಬಹದ್ದೂರ್ ಛೇತ್ರಿ ಮಾತ್ರ ಅಸ್ಸಾಮಿನವರು, ಭಾರತದ ಪ್ರಜೆ. ಊರು ಬಿಟ್ಟು ಹೋಗುವುದೇ ಆ ಜನರ ದೊಡ್ಡ ಕಥೆ ಅಂದರೆ ಯೋಚಿಸಿ.

1958ರ ರಸೀದಿ ಎಲ್ಲಿ?

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಭೂತಾನವೇ ಸಾಕ್ಷಿ. ದಕ್ಷಿಣ ಭೂತಾನದಲ್ಲಿ ನೇಪಾಳಿ ಮಾತಿನ ಲ್ಹೋತ್ಸಾಂಪಾ ಜನ ಹಲವು ತಲೆಮಾರಿನಿಂದ ಹೊಲ ಮಾಡಿಕೊಂಡಿದ್ದರು. 1985ರಲ್ಲಿ ಅಲ್ಲಿ ಹೊಸ ಪೌರತ್ವ ಕಾನೂನು ಬಂತು. 1988ರಲ್ಲಿ ಗಣತಿ ಮಾಡಲು ಬಂದ ಅಧಿಕಾರಿಗಳು '1958ರ ಕಂದಾಯ ರಸೀದಿ ತೋರಿಸಿ' ಅಂದರು. ಮೂವತ್ತು ವರ್ಷ ಹಿಂದಿನ ರಸೀದಿ! ನಮ್ಮ ರೈತರಲ್ಲಿ ಎಷ್ಟು ಮಂದಿ ಅಜ್ಜನ ಕಾಲದ ಕಂದಾಯ ರಸೀದಿ ಇಟ್ಟಿದ್ದಾರೆ, ಕೈ ಎತ್ತಲಿ ನೋಡೋಣ. 1957ರದ್ದೋ 1959ರದ್ದೋ ತೋರಿಸಿದರೂ ಸಾಲದು ಎನ್ನಿಸಿಕೊಂಡವರಿದ್ದಾರೆ. ಎಲ್ಲರೂ ಭೂತಾನಿ ಉಡುಪೇ ಹಾಕಬೇಕೆಂಬ ಕಟ್ಟಳೆಯೂ ಜೊತೆಗೆ ಬಂತು. 1990ರಲ್ಲಿ ಪ್ರತಿಭಟಿಸಿದವರ ಮೇಲೆ ಪೋಲೀಸು, ಸೈನ್ಯ.

ಒಂದು ಲಕ್ಷಕ್ಕೂ ಹೆಚ್ಚು ಜನ ಪೂರ್ವ ನೇಪಾಳದ ಝಾಪಾ, ಮೊರಾಂಗ್ ಜಿಲ್ಲೆಗಳ ನಿರಾಶ್ರಿತರ ಶಿಬಿರಗಳಿಗೆ ಬಂದು ಬಿದ್ದರು. ಮಾತು ನೇಪಾಳಿ, ಹಬ್ಬ ನೇಪಾಳಿ, ಆದರೂ ನೇಪಾಳ ಅವರಿಗೆ ಪೌರತ್ವ ಕೊಡಲಿಲ್ಲ. ಭೂತಾನ ವಾಪಸು ಕರೆಯಲಿಲ್ಲ. ಹದಿನೇಳು ಹದಿನೆಂಟು ವರ್ಷ ಬಿದಿರು ಗುಡಿಸಲಲ್ಲಿ ಕಳೆದ ಮೇಲೆ, 2007ರಿಂದೀಚೆಗೆ, ಒಂದು ಲಕ್ಷಕ್ಕೂ ಮಿಕ್ಕಿ ಜನರನ್ನು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಿಗೆ ಕಳಿಸಿದರು. ಬಹುಪಾಲು ಹೋದದ್ದು ಅಮೆರಿಕಕ್ಕೆ. ನೆರೆಮನೆಯಲ್ಲಿ ಜಾಗ ಸಿಗದವರಿಗೆ ಸಮುದ್ರದಾಚೆ ಜಾಗ ಸಿಕ್ಕಿತು.

ದೂರ ಹೋದವನಿಗೆ ವಿಮೆ, ಪಕ್ಕಕ್ಕೆ ಬಂದವನಿಗೆ ನಾಮ!

ಈಗ ಹೇಳಬೇಕಾದ ಮುಖ್ಯ ಮಾತು.

2021ರ ಗಣತಿಯ ಹೊತ್ತಿಗೆ ನೇಪಾಳದಿಂದ ಹೊರಗಿದ್ದವರು ಸುಮಾರು 22 ಲಕ್ಷ. ಅವರಲ್ಲಿ ಮೂರನೇ ಒಂದು ಭಾಗದಷ್ಟು ಜನ ಭಾರತದಲ್ಲಿ. ಇನ್ನು ಕೆಲವರು ಕತಾರ್, ಸೌದಿ, ದುಬೈ, ಮಲೇಷಿಯಾದಲ್ಲಿ. ಹೊರಗಿನಿಂದ ಬರುವ ಹಣ ಆ ದೇಶದ ಒಟ್ಟು ಉತ್ಪನ್ನದ ಕಾಲು ಭಾಗಕ್ಕೆ ಸಮ. ದೇಶದ ಒಲೆ ಉರಿಯುವುದೇ ಊರು ಬಿಟ್ಟವರ ಬೆವರಿನಿಂದ.

ಕತಾರಿಗೆ ಹೋಗುವವನು ಪಾಸ್‌ಪೋರ್ಟು ಮಾಡಿಸಬೇಕು. ಸರ್ಕಾರದಿಂದ ಕೆಲಸದ ಪರವಾನಗಿ ಪಡೆಯಬೇಕು, ವಿಮೆ ಕಟ್ಟಬೇಕು, ಕಲ್ಯಾಣ ನಿಧಿಗೆ ದುಡ್ಡು ಹಾಕಬೇಕು. ಏಜೆಂಟನಿಗೆ ಸುರಿಯುವ ಸಾಲವಂತೂ ಬೇರೆ. ಕಷ್ಟವೇ. ಆದರೆ ಅವನು ಅಲ್ಲಿ ಬಿಸಿಲಿಗೆ ಬಿದ್ದು ಸತ್ತರೆ ಕಾಠ್ಮಂಡುವಿನಲ್ಲಿ ಒಂದು ಲೆಕ್ಕವಿರುತ್ತದೆ, ಮನೆಯವರಿಗೆ ಪರಿಹಾರ ಸಿಗುತ್ತದೆ. 2008ರಿಂದೀಚೆಗೆ ಆ ಲೆಕ್ಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಾವು ದಾಖಲಾಗಿವೆ. ಲೆಕ್ಕ ಭೀಕರ, ಆದರೂ ಲೆಕ್ಕ ಇದೆ.

ಭಾರತಕ್ಕೆ ಬರುವವನಿಗೆ ಇದು ಯಾವುದೂ ಬೇಡ. 1950ರ ಜುಲೈ 31ರಂದು ಆದ ಶಾಂತಿ ಮೈತ್ರಿ ಒಪ್ಪಂದದ ಪ್ರಕಾರ ಎರಡೂ ದೇಶದ ಪ್ರಜೆಗಳು ಆ ಕಡೆ ಈ ಕಡೆ ಹೋಗಿ ವಾಸ ಮಾಡಬಹುದು, ವ್ಯಾಪಾರ ಮಾಡಬಹುದು, ಆಸ್ತಿಯನ್ನೂ ಮಾಡಬಹುದು. ಸುಮಾರು 1,750 ಕಿಲೋಮೀಟರ್ ಗಡಿ, ವೀಸಾ ಇಲ್ಲ. ಬನಬಸಾದಲ್ಲೋ ಗೌರಿಫಂಟಾದಲ್ಲೋ ಚೀಲ ಹೊತ್ತು ದಾಟಿದರೆ ಆಯಿತು, ರೈಲು ಹತ್ತಿ ಮೂರು ದಿನಕ್ಕೆ ಬೆಂಗಳೂರು. ಬಡವನಿಗೆ ಇದಕ್ಕಿಂತ ಉಪಕಾರ ಇನ್ನೇನು?

ಆದರೆ ಈ ಉಪಕಾರದಲ್ಲೇ ಒಂದು ಮುಳ್ಳಿದೆ. ಕಾಗದ ಬೇಡ ಅಂದಮೇಲೆ ಕಾಗದ ಇರುವುದೂ ಇಲ್ಲ. ಪರವಾನಗಿ ಇಲ್ಲದ್ದರಿಂದ ವಿಮೆ ಇಲ್ಲ. ಕಲ್ಯಾಣ ನಿಧಿಯ ಪರಿಹಾರ ಇಲ್ಲ. ನಮ್ಮಲ್ಲಿ ವೋಟಿಲ್ಲ, ಆದ್ದರಿಂದ ಯಾವ ಪುಢಾರಿಗೂ ಅವನ ಗುಡಿಸಲ ದಾರಿ ಗೊತ್ತಿಲ್ಲ. ಅಲ್ಲಿ ವೋಟಿದೆ, ಹಾಕಲು ಊರಿಗೆ ಹೋಗಬೇಕು. ಹೊರಗಿರುವವರಿಗೂ ಮತ ಹಾಕುವ ವ್ಯವಸ್ಥೆ ಮಾಡಿ ಅಂತ ನೇಪಾಳದ ಸುಪ್ರೀಂ ಕೋರ್ಟು 2018ರಲ್ಲೇ ಹೇಳಿತು. 2022ರ ಚುನಾವಣೆಯಲ್ಲೂ ಅದು ಆಗಲಿಲ್ಲ.

ಇನ್ನೊಂದು ನೋಡಿ. 2015ರ ಸಂವಿಧಾನದಲ್ಲಿ ಅನಿವಾಸಿ ನೇಪಾಳಿ ಪೌರತ್ವ ಅಂತ ಒಂದು ಸವಲತ್ತು ಇಟ್ಟಿದ್ದಾರೆ. ವಿದೇಶದ ಪ್ರಜೆಯಾದ ಮೂಲ ನೇಪಾಳಿಗೆ ಆಸ್ತಿ ವ್ಯಾಪಾರದ ಹಕ್ಕು ಉಳಿಯಲಿ ಅಂತ. ಆದರೆ ಸಾರ್ಕ್ ದೇಶಗಳಲ್ಲಿ ನೆಲೆಸಿದವರಿಗೆ ಅದು ಇಲ್ಲ! ಲಂಡನ್ನಿನವನು, ಸಿಡ್ನಿಯವನು ಅನಿವಾಸಿ. ಬೆಂಗಳೂರಿನಲ್ಲೋ ಗುವಾಹಟಿಯಲ್ಲೋ ಬೇರು ಬಿಟ್ಟವನು ಆ ಪಟ್ಟಿಯಲ್ಲೇ ಇಲ್ಲ. ಗಡಿ ತೆರೆದ ದೇಶ, ಲಕ್ಷಾಂತರ ಜನ ಹೊಕ್ಕುಬಳಕೆಯವರು, ಯಾರು ಅಲ್ಲಿಯವರು ಯಾರು ಇಲ್ಲಿಯವರು ಅಂತ ತೀರ್ಮಾನಿಸುವುದು ಕಷ್ಟ ಎಂಬ ಭಯ ಇದರ ಹಿಂದಿದೆ. ಭಯಕ್ಕೆ ಕಾರಣವಿರಬಹುದು. ಫಲ ಮಾತ್ರ ಬಡವನ ತಲೆಗೆ.

ಹೆಂಗಸರ ಪಾಡು ಇನ್ನೂ ಒಂದು ಕೈ ಮೇಲೆ. ನೇಪಾಳದ ಗಂಡಸು ಭಾರತದ ಹೆಣ್ಣನ್ನು ಮದುವೆಯಾದರೆ ಮಕ್ಕಳಿಗೆ ವಂಶದ ಪೌರತ್ವ ಸಲೀಸು. ನೇಪಾಳದ ಹೆಣ್ಣು ಭಾರತದ ಗಂಡಸನ್ನು ಮದುವೆಯಾದರೆ ಮಕ್ಕಳಿಗೆ ಆ ಹಕ್ಕಿಲ್ಲ, ಅರ್ಜಿ ಹಾಕಿ ಅಂಗೀಕೃತ ಪೌರತ್ವ ಬೇಡಬೇಕು. 2023ರಲ್ಲಿ ಕಾನೂನು ತಿದ್ದಿ ಕೆಲವು ಗಂಟು ಸಡಿಲಿಸಿದರು. ಗಂಡು ಹೆಣ್ಣಿನ ಆ ತಾರತಮ್ಯ ಸಂವಿಧಾನದಲ್ಲೇ ಕೂತಿದೆ.

ದಸರೆಗೆ ಊರು, ಕೊರೋನಾಗೆ ನದಿ

ನಮ್ಮಲ್ಲಿ ದಸರಾ ಹತ್ತಿರ ಬಂತೆಂದರೆ ಬೀದಿಯ ಗೂರ್ಖಾ ನಾಪತ್ತೆ. ಜನ ಗೊಣಗುತ್ತಾರೆ. ಅವರಿಗೂ ಅದೇ ದೊಡ್ಡ ಹಬ್ಬ, ದಶೈಂ. ದುರ್ಗೆಯ ಪೂಜೆ ಮುಗಿದ ಮೇಲೆ ಹಿರಿಯರು ಕಿರಿಯರ ಹಣೆಗೆ ಮೊಸರು, ಅಕ್ಕಿ, ಕುಂಕುಮ ಕಲಸಿದ ಟೀಕಾ ಇಡುತ್ತಾರೆ. ವರ್ಷವೆಲ್ಲ ರಾತ್ರಿ ಎದ್ದು ಕೂಡಿಟ್ಟ ದುಡ್ಡನ್ನು ಬನಿಯನ್ನಿನ ಒಳಜೇಬಿಗೆ ಹೊಲಿಸಿಕೊಂಡು ಹೋಗುತ್ತಾರೆ. ಬ್ಯಾಂಕಿಗೆ ಹೋದರೆ ಕಾಗದ ಕೇಳುತ್ತಾರಲ್ಲ! ದಾರಿಯಲ್ಲಿ ರೈಲುಗಳ್ಳರು, ಚಹಾದಲ್ಲಿ ಮತ್ತು ಬೆರೆಸುವವರು, ಗಡಿಯಲ್ಲಿ ಕೈ ಚಾಚುವವರು, ಎಲ್ಲರ ಕಣ್ಣೂ ಆ ಜೇಬಿನ ಮೇಲೆ.

ಊರಿಗೆ ಹೋಗುವಾಗ ಬೀದಿಯನ್ನು ಅಣ್ಣನ ಮಗನಿಗೋ ಭಾವಮೈದುನನಿಗೋ ವಹಿಸಿ ಹೋಗುತ್ತಾರೆ. ದಿಲ್ಲಿಯಲ್ಲಂತೂ ಕಾವಲಿನ ಬೀದಿಗಳನ್ನು ಹಳಬ ಹೊಸಬನಿಗೆ ದುಡ್ಡಿಗೆ ಮಾರುವ ಪದ್ಧತಿಯೇ ಇದೆ. ಬೀದಿಯವರಿಗೆ ಇದು ಗೊತ್ತಾಗುವುದೂ ಇಲ್ಲ. ಸೀಟಿ ಅದೇ, ಖಾಕಿ ಅದೇ, ಒಳಗಿರುವ ಮನುಷ್ಯ ಬದಲಾಗಿರುತ್ತಾನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಈ ತೆರೆದ ಗಡಿ ಮುಚ್ಚಿಬಿಟ್ಟಿತು. ಕೆಲಸ ಹೋಯಿತು, ಕೋಣೆ ಬಾಡಿಗೆಗೆ ದುಡ್ಡಿಲ್ಲ. ಸಾವಿರಾರು ಜನ ಗಡಿಗೆ ಬಂದು ನಿಂತರೆ ಅವರ ಸರ್ಕಾರವೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಧಾರ್ಚುಲಾ ಬಳಿ ಕೆಲವರು ಮಹಾಕಾಳಿ ನದಿಗೆ ಹಾರಿ ಈಜಿ ತಮ್ಮ ದೇಶ ಸೇರಿಕೊಂಡರು. ದಡ ಹತ್ತಿದವರನ್ನು ಅಲ್ಲಿನ ಪೋಲೀಸರು ಹಿಡಿದರು. ಸ್ವಂತ ದೇಶಕ್ಕೆ ಕಳ್ಳರಂತೆ ನುಗ್ಗಬೇಕಾದ ಸ್ಥಿತಿ!

2025ರ ಸೆಪ್ಟೆಂಬರಿನಲ್ಲಿ ಕಾಠ್ಮಂಡುವಿನಲ್ಲಿ ಹುಡುಗರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿದೆ. ಸರ್ಕಾರ ಫೇಸ್‌ಬುಕ್, ವಾಟ್ಸಾಪ್ ಮುಂತಾದ 26 ಜಾಲತಾಣಗಳನ್ನು ಬಂದ್ ಮಾಡಿತ್ತು. ಭ್ರಷ್ಟಾಚಾರದ ಮೇಲಿನ ಸಿಟ್ಟು ಮೊದಲೇ ಕುದಿಯುತ್ತಿತ್ತು. 70ಕ್ಕೂ ಹೆಚ್ಚು ಜನ ಸತ್ತರು, ಓಲಿ ಸರ್ಕಾರ ಉರುಳಿತು. ದೂರದ ಊರಲ್ಲಿ ದುಡಿಯುವ ಅಪ್ಪನ ಮುಖ ಮಕ್ಕಳು ನೋಡುವುದೇ ಆ ವಾಟ್ಸಾಪಿನಲ್ಲಿ. ಅದನ್ನೇ ಕಿತ್ತುಕೊಂಡರೆ ಸಿಟ್ಟು ಬರದೆ ಇನ್ನೇನು?

ನಮ್ಮೂರು ಏನು ಮಾಡಬಹುದು?

1950ರ ಒಪ್ಪಂದ ತಿದ್ದುವುದು ದಿಲ್ಲಿ ಕಾಠ್ಮಂಡುವಿನ ದೊಡ್ಡವರ ಕೆಲಸ. ಅದು ಇಲ್ಲಿನ ಪುರಸಭೆಯ ಅಳವಿಗೆ ಬರುವುದಲ್ಲ. ಆದರೆ ಊರಿನ ಕೈಯಲ್ಲಿ ಆಗುವ ಕೆಲಸಗಳೂ ಇವೆ.

ಬೀದಿಗೊಬ್ಬ ಕಾವಲುಗಾರನನ್ನು ಇಟ್ಟುಕೊಂಡ ವರ್ತಕರ ಸಂಘಗಳು, ಅಪಾರ್ಟ್‌ಮೆಂಟಿನ ಕಮಿಟಿಯವರು ಒಂದು ನೋಟ್‌ಬುಕ್ ಇಡಲಿ. ಅದರಲ್ಲಿ ಅವನ ಪೂರ್ತಿ ಹೆಸರು, ಜಿಲ್ಲೆ, ಹಳ್ಳಿ, ಮನೆಯವರ ಫೋನ್ ನಂಬರು ಬರೆಯಲಿ. ನೇಪಾಳದವನಾದರೆ ನಾಗರಿಕತಾ ಪತ್ರದ ನಕಲು, ಡಾರ್ಜಿಲಿಂಗಿನವನಾದರೆ ವೋಟರ್ ಕಾರ್ಡಿನ ನಕಲು. ಇದು ಅನುಮಾನದಿಂದ ಮಾಡುವ ಕೆಲಸವಲ್ಲ, ಆಪತ್ತಿಗೆ ಬೇಕಾದ ಕೆಲಸ. ಠಾಣೆಯ ಪುಸ್ತಕದಲ್ಲಿ 'ಗೂರ್ಖಾ' ಎಂಬ ಒಂದೇ ಪದದ ಬದಲು ಹೆಸರು ಬರೆದರೆ ಪೋಲೀಸರಿಗೂ ಲಾಭ. ಕಳ್ಳತನವಾದ ಮರುದಿನ ಕೈಗೆ ಸಿಕ್ಕಿದ ಬಹದ್ದೂರನನ್ನು ಕೂರಿಸಿಕೊಳ್ಳುವ ತಾಪತ್ರಯ ತಪ್ಪುತ್ತದೆ.

ಕನಿಷ್ಠ ಕೂಲಿಯ ಕಾನೂನು ಯಾವ ದೇಶದವನು ಅಂತ ಕೇಳುವುದಿಲ್ಲ. ಹೋಟೆಲಿನಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿ 'ಊಟ ತಿಂಡಿ ನಮ್ಮದೇ' ಅನ್ನುವ ಮಾಲೀಕರು ಇದನ್ನು ತಿಳಿದಿರಬೇಕು. ಕಾರ್ಮಿಕ ಇಲಾಖೆಯವರೂ ಆಗಾಗ ಅಡುಗೆಮನೆ ಬಾಗಿಲಿಗೆ ಹೋಗಿ ನೋಡಬೇಕು. ಹೆಂಡತಿ ಮಕ್ಕಳನ್ನು ಕರೆತಂದವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಅಂತ ಮೇಷ್ಟರುಗಳು ವಿಚಾರಿಸಬೇಕು. ಆ ಮಕ್ಕಳು ಆರು ತಿಂಗಳಿಗೆ ಕನ್ನಡ ಕಲಿಯುತ್ತಾರೆ, ಅಪ್ಪನಿಗೆ ದುಭಾಷಿಗಳೂ ಆಗುತ್ತಾರೆ.

ಇವರನ್ನು ಕಂಡು ಕನಿಕರ ಪಡಬೇಕಾಗಿಲ್ಲ. ಉಡುಪಿಯಿಂದ ಹುಡುಗರು ಮುಂಬಯಿಗೆ ಹೋಗಿ ಹೋಟೆಲಿನ ಟೇಬಲ್ ಒರೆಸಿದ್ದಾರೆ, ಉತ್ತರ ಕರ್ನಾಟಕದವರು ಗೋವಾಕ್ಕೆ ಗುಳೆ ಹೋಗಿದ್ದಾರೆ, ಮಂಗಳೂರಿನವರು ಗಲ್ಫಿನ ಮರಳಿನಲ್ಲಿ ದುಡಿದಿದ್ದಾರೆ. ಅಲ್ಲಿ ಯಾರೋ ಅವರನ್ನು ಹೆಸರು ಹಿಡಿದು ಕರೆದಾಗ ಆದ ಸಂತೋಷ ಅವರಿಗೆ ಗೊತ್ತು. ಊರಿನ ಬೀಗದ ಕೈ ಒಪ್ಪಿಸುವಷ್ಟು ನಂಬಿಕೆ ಇರುವ ಮನುಷ್ಯನ ಹೆಸರನ್ನು ಬರೆದಿಟ್ಟುಕೊಳ್ಳಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ಒಂದು ಪೆನ್ನು ಸಾಕು.